ಜಾತಿವಂತ ಪ್ರಾಣಿಯ ಪರೀಕ್ಷೆ: ಕುದುರೆಯ ವಂಶಾವಳಿಯೂ ನಮ್ಮ ಖಿಲಾರಿಯೂ

‘ಇದು ಜಾತಿವಂತ ಹೋರಿ’, ‘ಅದು ಜಾತಿವಂತ ಕುದುರೆ’ ಎಂಬ ಮಾತುಗಳನ್ನು ನೀವು ಅನೇಕ ಸಲ ಕೇಳಿರುವಿರಿ. ಜತ್ತದ ಯಲ್ಲಮ್ಮನ ಜಾತ್ರೆಯಲ್ಲಿ, ಆಟಪಾಡಿ ತಾಲೂಕಿನ ಖರಸುಂಡಿಯ ಸಿದ್ಧನಾಥನ ಜಾತ್ರೆಯಲ್ಲಿ, ಸಂಕ್ರಾಂತಿಯ ಕಾಲಕ್ಕೆ ಕೂಡುವ ವಿಜಯಪುರದ ಸಿದ್ಧೇಶ್ವರನ ಜಾತ್ರೆಯಲ್ಲಿ ದನಗಳ ಪೇಟೆಯೊಳಗೆ ಒಂದು ಸುತ್ತು ತಿರುಗಿದರೆ ಸಾಕು, ಈ ಮಾತು ಹತ್ತು ಕಡೆಗಳಿಂದ ಕಿವಿಗೆ ಬೀಳುವದು. ಮಾರುವವನು ಜಾತಿವಂತ ಎನ್ನುತ್ತಾನೆ. ಕೊಳ್ಳುವವನು ಅಲ್ಲ ಎನ್ನುತ್ತಾನೆ. ಇಬ್ಬರೂ ಪ್ರಾಣಿಯ ಸುತ್ತಲೂ ತಿರುಗಿ ಕೋಡು ನೋಡುತ್ತಾರೆ, ಬಾಯಿ ತೆರೆದು ಹಲ್ಲು ನೋಡುತ್ತಾರೆ, ಸುಳಿ ಹುಡುಕುತ್ತಾರೆ. ಕೊನೆಗೆ ಬೆಲೆ ಗೊತ್ತಾಗುವದು. ಆದರೆ ‘ಜಾತಿವಂತ’ ಎಂದರೇನು ಎಂಬ ಪ್ರಶ್ನೆಗೆ ಉತ್ತರ ಮಾತ್ರ ಉಳಿದೇಬಿಡುವದು.

ಈ ಪ್ರಶ್ನೆಗೆ ಜಗತ್ತಿನಲ್ಲಿ ಎಲ್ಲಕ್ಕಿಂತ ಕಟ್ಟುನಿಟ್ಟಾಗಿ ಉತ್ತರ ಹುಡುಕಿದವರಲ್ಲಿ ಕುದುರೆಯನ್ನು ಸಾಕುವವರು ಮೊದಲಿಗರು. ಅವರು ಕಂಡುಕೊಂಡ ಉತ್ತರವನ್ನು ಮೊದಲು ತಿಳಿದು, ಅದೇ ಬೆಳಕಿನಲ್ಲಿ ನಮ್ಮ ಭಾಗದ ಖಿಲಾರಿ ದನವನ್ನು ನೋಡುವದು ಈ ಪಾಠದ ಉದ್ದೇಶವಾಗಿದೆ. ಪಾಲಕರೂ ಇದನ್ನು ಓದಬೇಕೆಂದು ನಾವು ಬಯಸುತ್ತೇವೆ. ಏಕೆಂದರೆ ಇದು ಪುಸ್ತಕದ ಪಾಠವಷ್ಟೇ ಅಲ್ಲ, ಕೊಟ್ಟಿಗೆಯ ಪಾಠವೂ ಹೌದು.

೧. ನಮ್ಮ ಹಿರಿಯರ ಪ್ರಾಣಿವಿದ್ಯೆ

ಪ್ರಾಣಿಗಳ ಲಕ್ಷಣಗಳನ್ನು ಪರೀಕ್ಷಿಸುವ ವಿದ್ಯೆ ನಮಗೆ ಹೊರಗಿನಿಂದ ಬಂದುದಲ್ಲ. ನಮ್ಮ ಈ ಪ್ರದೇಶವು ಹಿಂದೆ ಕಲ್ಯಾಣದ ಚಾಲುಕ್ಯರ ರಾಜ್ಯದಲ್ಲಿ ಸೇರಿತ್ತು. ಅದೇ ಮನೆತನದ ಕೀರ್ತಿವರ್ಮನು 12ನೆಯ ಶತಮಾನದ ಆರಂಭದಲ್ಲಿ ‘ಗೋವೈದ್ಯ’ ಎಂಬ ಗ್ರಂಥವನ್ನು ಕನ್ನಡದಲ್ಲಿ ಬರೆದನು. ಅದೇ ವಂಶದ ಮೂರನೆಯ ಸೋಮೇಶ್ವರನು ಅದೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಆನೆ ಕುದುರೆಗಳ ವಿಷಯ ವಿಸ್ತಾರವಾಗಿ ಬಂದಿದೆ. ಸುಮಾರು 1400ರ ಹೊತ್ತಿಗೆ ಅಭಿನವಚಂದ್ರನು ಕನ್ನಡದಲ್ಲಿ ‘ಅಶ್ವಶಾಸ್ತ್ರ’ವನ್ನು ಬರೆದನು. ಅರಸನ ಬಲವು ಕುದುರೆಯ ಕಾಲಿನ ಮೇಲೆ ನಿಂತಿದ್ದ ಕಾಲವದು. ಅರಬಸ್ತಾನದಿಂದ ಹಡಗಿನಲ್ಲಿ ಬರುವ ಕುದುರೆಗಳಿಗಾಗಿ ವಿಜಯನಗರದ ಅರಸರು ಅಪಾರ ಹಣವನ್ನು ವೆಚ್ಚ ಮಾಡುತ್ತಿದ್ದರು. ಅಷ್ಟು ಹಣ ಕೊಡುವವನಿಗೆ ಪರೀಕ್ಷೆಯ ವಿದ್ಯೆ ಅವಶ್ಯವೇ ಸರಿ.

ಆ ಹಳೆಯ ಪರೀಕ್ಷೆಯಲ್ಲಿ ಎರಡು ಬಗೆಯ ಸಂಗತಿಗಳು ಕೂಡಿಕೊಂಡಿದ್ದವು. ಎದೆಯ ಅಗಲ, ಕಾಲಿನ ನೇರ, ಗೊರಸಿನ ಗಟ್ಟಿತನ, ನಡೆ, ವಯಸ್ಸು ಇವು ಒಂದು ಬಗೆ. ಶುಭ ಸುಳಿ, ಅಶುಭ ಸುಳಿ, ಬಣ್ಣದ ಫಲ ಇವು ಇನ್ನೊಂದು ಬಗೆ. ಮೊದಲನೆಯದು ಇಂದಿಗೂ ನಿಲ್ಲುವದು. ಎರಡನೆಯದರ ವಿಷಯದಲ್ಲಿ ಒಂದು ಸ್ವಾರಸ್ಯದ ಸಂಗತಿಯುಂಟು. ಇಂದು ಪಂದ್ಯದ ಕುದುರೆಮರಿಯ ಗುರುತಿನ ಪತ್ರದಲ್ಲಿ ಅದರ ಹಣೆ, ಕುತ್ತಿಗೆಗಳ ಮೇಲಿನ ಸುಳಿಗಳನ್ನು ಬರೆದುಕೊಳ್ಳುತ್ತಾರೆ. ಅದು ಶುಭಾಶುಭಕ್ಕಾಗಿ ಅಲ್ಲ. ಮನುಷ್ಯನ ಬೆರಳಚ್ಚಿನಂತೆ ಸುಳಿಗಳು ಇರುವ ಸ್ಥಳವು ಪ್ರತಿಯೊಂದು ಕುದುರೆಗೂ ಬೇರೆಯಾಗಿದ್ದು, ಒಂದು ಕುದುರೆಯ ಬದಲು ಇನ್ನೊಂದನ್ನು ತಂದು ನಿಲ್ಲಿಸಿದರೆ ಮೋಸವು ಬಯಲಾಗುವದೆಂದು. ಹಿರಿಯರು ಸುಳಿಯನ್ನು ಗಮನವಿಟ್ಟು ನೋಡಿದ್ದು ವ್ಯರ್ಥವಲ್ಲ. ಆದರೆ ಸುಳಿಯು ಪ್ರಾಣಿಯ ಗುರುತನ್ನು ಹೇಳುವದೇ ಹೊರತು ಒಡೆಯನ ಭಾಗ್ಯವನ್ನಲ್ಲ. ಸುಳಿಯೊಂದು ಸರಿಯಿಲ್ಲವೆಂದು ಸುದೃಢವಾದ ಹೋರಿಗರುವನ್ನು ಅರ್ಧ ಬೆಲೆಗೆ ಕೊಡುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

೨. ನಾಲ್ಕು ಸಾಕ್ಷಿಗಳು

ಒಂದು ಪ್ರಾಣಿಯು ಜಾತಿವಂತವೆಂದು ಹೇಳಲು ನಾಲ್ಕು ಸಾಕ್ಷಿಗಳು ಬೇಕು. ವಂಶ, ರೂಪ, ಕೆಲಸ ಮತ್ತು ಸಂತಾನ. ಇವುಗಳಲ್ಲಿ ಒಂದೊಂದನ್ನೂ ಕುದುರೆಯ ಉದಾಹರಣೆಯಿಂದ ನೋಡೋಣ.

ಮೊದಲನೆಯದು ವಂಶ. ಇಂಗ್ಲೆಂಡಿನಲ್ಲಿ ಪಂದ್ಯದ ಕುದುರೆಗಳ ತಳಿಯೊಂದನ್ನು ಬೆಳೆಸಿದರು. ಅದಕ್ಕೆ ಥರೋಬ್ರೆಡ್ ಎಂದು ಹೆಸರು. ಈ ಕುದುರೆಗಳ ತಂದೆತಾಯಿಗಳ ವಿವರವನ್ನು ಬರೆದಿಡುವ ವಂಶಾವಳಿಯ ಪುಸ್ತಕದ ಮೊದಲ ರೂಪವು 1791ರಲ್ಲಿ ಅಚ್ಚಾಯಿತು. ವೆದರ್ಬಿ ಎಂಬ ಮನೆತನದವರು ಅದನ್ನು ಸಿದ್ಧಪಡಿಸಿದರು. ಆ ಲೆಕ್ಕವು ಅಂದಿನಿಂದ ಇಂದಿನವರೆಗೆ ಮುರಿಯದೆ ನಡೆದು ಬಂದಿದೆ. ಇಂದು ಜಗತ್ತಿನಲ್ಲಿರುವ ಯಾವ ಥರೋಬ್ರೆಡ್ ಕುದುರೆಯ ತಂದೆ, ತಂದೆಯ ತಂದೆ ಎಂದು ಹಿಂದೆ ಹಿಂದೆ ಹೋದರೂ ಕೊನೆಗೆ ಮೂರು ಗಂಡುಕುದುರೆಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತೇವೆ. ಅವು 17ನೆಯ ಶತಮಾನದ ಕೊನೆಯ ಬೈಯರ್ಲಿ ಟರ್ಕ್, 1704ರಲ್ಲಿ ಇಂಗ್ಲೆಂಡಿಗೆ ಬಂದ ಡಾರ್ಲಿ ಅರೇಬಿಯನ್, ಮತ್ತು 1730ರ ಸುಮಾರಿಗೆ ಬಂದ ಗೊಡಾಲ್ಫಿನ್ ಅರೇಬಿಯನ್. ಈ ಮೂರೂ ಪೂರ್ವದೇಶಗಳಿಂದ ಹೋದ ಕುದುರೆಗಳೆಂಬದನ್ನು ಗಮನಿಸಿರಿ. ಈಗ ಈ ಪುಸ್ತಕದ ಬಾಗಿಲು ಮುಚ್ಚಿದಂತಿದೆ. ತಂದೆತಾಯಿಗಳಿಬ್ಬರ ಹೆಸರೂ ವಂಶಾವಳಿಯ ಪುಸ್ತಕದಲ್ಲಿ ಇದ್ದರೆ ಮಾತ್ರ ಮರಿಗೆ ಪ್ರವೇಶ. ಭಾರತದಲ್ಲಿ ಈ ಲೆಕ್ಕವನ್ನು ಪುಣೆಯಲ್ಲಿರುವ ವಂಶಾವಳಿ ಪ್ರಾಧಿಕಾರವು ಇಡುತ್ತದೆ. ಹಿಂದೆ ಒಡೆಯನ ಮಾತನ್ನು ನಂಬುತ್ತಿದ್ದರು. ಈಗ ಮರಿಯ ರಕ್ತ ಅಥವಾ ರೋಮದಿಂದ ಡಿ.ಎನ್.ಎ. ಪರೀಕ್ಷೆ ಮಾಡಿ ತಂದೆತಾಯಿಗಳು ಯಾರೆಂಬದನ್ನು ಖಚಿತಪಡಿಸಿಕೊಳ್ಳುತ್ತಾರೆ.

ಎರಡನೆಯದು ರೂಪ. ಪ್ರತಿಯೊಂದು ತಳಿಗೂ ತನ್ನದೇ ಆದ ಮುಖಚಹರೆಯಿದೆ. ರಾಜಸ್ಥಾನದ ಮಾರವಾಡಿ, ಗುಜರಾತದ ಕಾಠಿಯಾವಾಡಿ ಕುದುರೆಗಳ ಕಿವಿಗಳು ಒಳಮುಖವಾಗಿ ಬಾಗಿ, ತುದಿಗಳು ಒಂದನ್ನೊಂದು ಮುಟ್ಟುವಂತಿರುತ್ತವೆ. ಅರಬ್ಬೀ ಕುದುರೆಯ ಮುಖವು ಮೂಗಿನ ಮೇಲ್ಭಾಗದಲ್ಲಿ ತುಸು ಒಳಗೆ ತಗ್ಗಿದಂತಿದ್ದು, ಅದು ಬಾಲವನ್ನು ಎತ್ತಿ ಹಿಡಿದು ನಡೆಯುತ್ತದೆ. ಕುದುರೆಯ ಎತ್ತರವನ್ನು ತಲೆಯಿಂದ ಅಳೆಯುವದಿಲ್ಲ. ಏಕೆಂದರೆ ತಲೆ ಮೇಲೆ ಕೆಳಗೆ ಆಡುವದು. ಕುತ್ತಿಗೆಯು ಬೆನ್ನನ್ನು ಕೂಡುವಲ್ಲಿ ಹೆಗಲ ಮೇಲೆ ಇರುವ ಉಬ್ಬಿನವರೆಗೆ, ಸಮನಾದ ನೆಲದ ಮೇಲೆ ನಿಲ್ಲಿಸಿ ಅಳೆಯುತ್ತಾರೆ. ಇಂಗ್ಲಿಷ್ ಪದ್ಧತಿಯಲ್ಲಿ ಈ ಅಳತೆಗೆ ‘ಕೈ’ ಎಂಬ ಮಾನವಿದೆ. ಒಂದು ಕೈ ಎಂದರೆ 4 ಇಂಚು. 15 ಕೈ ಎತ್ತರದ ಕುದುರೆಯೆಂದರೆ 60 ಇಂಚು ಎತ್ತರದ್ದು.

ಮೂರನೆಯದು ಕೆಲಸ. ರೂಪವಿದ್ದು ಕೆಲಸವಿಲ್ಲದಿದ್ದರೆ ಪ್ರಯೋಜನವೇನು? ಥರೋಬ್ರೆಡ್ ತಳಿಗೆ ಓಟವೇ ಪರೀಕ್ಷೆ. ಇಂಗ್ಲೆಂಡಿನ ಎಪ್ಸಮ್ಮಿನಲ್ಲಿ 1780ರಿಂದ ಡರ್ಬಿ ಎಂಬ ಪಂದ್ಯವು ನಡೆದು ಬಂದಿದೆ. ಅದರಲ್ಲಿ ಮೂರು ವರ್ಷದ ಕುದುರೆಗಳು ಮಾತ್ರ ಓಡುತ್ತವೆ. ಬೀಜ ಒಡೆಸಿದ ಕುದುರೆಗೆ ಅಲ್ಲಿ ಪ್ರವೇಶವಿಲ್ಲ. ಈ ನಿಯಮದ ಅರ್ಥವನ್ನು ನೀವು ಚೆನ್ನಾಗಿ ಯೋಚಿಸಬೇಕು. ಆ ಪಂದ್ಯವು ಕೇವಲ ಬಹುಮಾನಕ್ಕಾಗಿ ಅಲ್ಲ, ಮುಂದಿನ ಪೀಳಿಗೆಯ ತಂದೆತಾಯಿಗಳನ್ನು ಆರಿಸುವದಕ್ಕಾಗಿಯೂ ಹೌದು. ಸಂತಾನ ಕೊಡಲಾರದ ಪ್ರಾಣಿ ಗೆದ್ದರೆ ಅದರಿಂದ ತಳಿಗೆ ಏನು ಲಾಭ?

ನಾಲ್ಕನೆಯದು ಸಂತಾನ. ಇದು ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ತಾನು ಚೆನ್ನಾಗಿ ಓಡಿದ ಕುದುರೆಯ ಮರಿಗಳೆಲ್ಲ ಚೆನ್ನಾಗಿ ಓಡುತ್ತವೆಂದು ಹೇಳಲಾಗುವದಿಲ್ಲ. ತನ್ನ ಗುಣವನ್ನು ಮಕ್ಕಳಿಗೆ ದಾಟಿಸುವ ಪ್ರಾಣಿಯೇ ನಿಜವಾದ ಜಾತಿವಂತ. ಹೈನಿನ ತಳಿಗಳಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುವದು. ಹೋರಿಯು ಹಾಲು ಕೊಡುವದಿಲ್ಲ. ಅದರ ಹೆಣ್ಣುಮಕ್ಕಳು ಎಷ್ಟು ಹಾಲು ಕೊಟ್ಟವೆಂಬದರಿಂದಲೇ ಹೋರಿಯ ಯೋಗ್ಯತೆಯನ್ನು ನಿರ್ಣಯಿಸಬೇಕಾಗುತ್ತದೆ.

ಕರ್ನಾಟಕದಲ್ಲಿ ಈ ನಾಲ್ಕು ಸಾಕ್ಷಿಗಳ ಪದ್ಧತಿಯನ್ನು ಅನುಸರಿಸಿದ ಪ್ರಸಿದ್ಧ ಸ್ಥಳವೆಂದರೆ ತುಮಕೂರು ಜಿಲ್ಲೆಯ ಕುಣಿಗಲ್ಲು. ಟಿಪ್ಪುಸುಲ್ತಾನನ ಕಾಲಕ್ಕೆ ಸೈನ್ಯದ ಕುದುರೆಗಳಿದ್ದ ಆ ಸ್ಥಳವು ಮುಂದೆ ಥರೋಬ್ರೆಡ್ ಕುದುರೆಗಳ ಸಂವರ್ಧನೆಗೆ ಹೆಸರಾಯಿತು. ನಮಗೆ ಇನ್ನೂ ಹತ್ತಿರದ ಉದಾಹರಣೆಯೂ ಉಂಟು. ಭೀಮಾನದಿಯ ದಡದ ‘ಭೀಮಥಡಿ’ ಕುದುರೆಯು ಗಿಡ್ಡ ಮೈಕಟ್ಟಿನದಾದರೂ ಕಷ್ಟಸಹಿಷ್ಣುವಾದದ್ದು. ಮರಾಠರ ದಂಡಿನಲ್ಲಿ ಅದು ದುಡಿಯಿತು. ದಂಡಿನ ಕಾಲ ಮುಗಿದ ಮೇಲೆ ಅದನ್ನು ಉಳಿಸಿದವರು ಅರಸರಲ್ಲ. ಕುರಿಗಳ ಹಿಂಡಿನೊಂದಿಗೆ ಊರೂರು ತಿರುಗುವ ಕುರಿಗಾರರು. ಅವರ ಗುಡಾರ, ಪಾತ್ರೆ, ಕುರಿಮರಿಗಳನ್ನು ಹೊತ್ತು ನಡೆಯುವ ಕುದುರೆಯೇ ಅದು. 2023–24ರ ಸುಮಾರಿಗೆ ಅದಕ್ಕೆ ಸ್ವತಂತ್ರ ತಳಿಯೆಂಬ ಮಾನ್ಯತೆ ದೊರೆಯಿತು. ಹೀಗೆ ಮಾನ್ಯತೆ ಕೊಡುವ ಸಂಸ್ಥೆಯು ಹರಿಯಾಣದ ಕರ್ನಾಲದಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಕೇಂದ್ರ. ಅದು 1984ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಮರುವರ್ಷ ಕರ್ನಾಲಕ್ಕೆ ಹೋಯಿತು. ಒಂದು ಪ್ರದೇಶದ ಪ್ರಾಣಿಗಳು ಒಂದನ್ನೊಂದು ಹೋಲುವವೋ, ಬೇರೆ ತಳಿಗಳಿಂದ ಸ್ಪಷ್ಟವಾಗಿ ಭಿನ್ನವಾಗಿವೆಯೋ, ಆ ಲಕ್ಷಣಗಳು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವವೋ ಎಂಬದನ್ನು ಅಳತೆಗಳಿಂದ ನೋಡಿ ಅಲ್ಲಿ ನಿರ್ಣಯಿಸುತ್ತಾರೆ.

೩. ಖಿಲಾರಿಯ ಲಕ್ಷಣಗಳು

ಈಗ ನಮ್ಮ ಕೊಟ್ಟಿಗೆಗೆ ಬರೋಣ. ‘ಖಿಲ್ಲಾರ’ ಎಂದರೆ ಮರಾಠಿಯಲ್ಲಿ ದನಗಳ ಹಿಂಡು. ಹಿಂಡನ್ನು ಕಾಯುವವನು ಖಿಲಾರಿ. ಅವನು ಸಾಕಿದ ದನಕ್ಕೂ ಅದೇ ಹೆಸರು ನಿಂತಿತು. ಸಾತಾರಾ, ಸಾಂಗಲಿ, ಸೋಲಾಪುರ ಜಿಲ್ಲೆಗಳು ಮತ್ತು ಅವುಗಳಿಗೆ ಹೊಂದಿದ ವಿಜಯಪುರ, ಬೆಳಗಾವಿಯ ಭಾಗಗಳು ಇದರ ತವರು. ಮಳೆ ಕಡಿಮೆ, ಮೇವು ವಿರಳ, ಬಿಸಿಲು ಬಹಳ. ಇಂಥ ನೆಲದಲ್ಲಿ ಬೆಳೆದುದರಿಂದಲೇ ಅದಕ್ಕೆ ಈ ಗುಣಗಳು ಬಂದಿವೆ. ಹಿಂದೆ ಔಂಧ ಸಂಸ್ಥಾನದಲ್ಲಿದ್ದ ಆಟಪಾಡಿ ಮಹಾಲದ್ದು ಒಂದು ಬಗೆ, ಮಾಣದೇಶದ ಮ್ಹಸವಡದ್ದು ಇನ್ನೊಂದು ಬಗೆ, ನಕಲಿ ಎಂಬದು ಮತ್ತೊಂದು, ಖಾನದೇಶದ ತಾಪಿ ತೀರದ್ದು ಮಗದೊಂದು. ಮೈಸೂರು ಸೀಮೆಯ ಹಳ್ಳಿಕಾರ ತಳಿಗೂ ಇದಕ್ಕೂ ಹತ್ತಿರದ ಸಂಬಂಧವಿದೆಯೆಂದು ಬಲ್ಲವರು ಹೇಳುತ್ತಾರೆ. ಎರಡರ ಕೋಡುಗಳನ್ನು ನೋಡಿದವರಿಗೆ ಈ ಮಾತು ಒಪ್ಪಿಗೆಯಾಗುವದು.

ಒಳ್ಳೆಯ ಖಿಲಾರಿಯ ರೂಪವು ಹೀಗಿರುವದು. ಮೈ ಒತ್ತಾಗಿ ಕಟ್ಟಿದಂತೆ, ಚರ್ಮವು ಮೈಗೆ ಅಂಟಿಕೊಂಡಂತೆ ಇರಬೇಕು. ಬಣ್ಣ ಬಿಳಿ ಅಥವಾ ಬೂದುಬಿಳಿ. ಹೋರಿಗಳಿಗೆ ಮುಂಭಾಗದಲ್ಲಿ ಕಪ್ಪುಛಾಯೆ ಹೆಚ್ಚು. ಮುಖ ಉದ್ದವಾಗಿ ಕಿರಿದಾಗಿರುವದು. ಹಣೆಯು ತುಸು ಉಬ್ಬಿದ್ದು, ಮೂಗಿನ ಮೇಲಿನಿಂದ ನೆತ್ತಿಯವರೆಗೆ ನಡುವೆ ಒಂದು ಗೆರೆಯಂಥ ತಗ್ಗು ಕಾಣಬೇಕು. ಕೋಡುಗಳು ಬುಡದಲ್ಲಿ ಒಂದಕ್ಕೊಂದು ಸಮೀಪವಾಗಿ ಹುಟ್ಟಿ, ಹಣೆಯ ಇಳಿಜಾರನ್ನೇ ಹಿಡಿದು ಹಿಂದಕ್ಕೆ ಹೋಗಿ, ಅಲ್ಲಿಂದ ಬಿಲ್ಲಿನಂತೆ ಮೇಲಕ್ಕೆ ಬಾಗಿ ಚೂಪಾಗುವವು. ಕಿವಿ ಚಿಕ್ಕದು, ಚೂಪಾದದ್ದು. ಗಂಗೆದೊಗಲು ಹಗುರ, ಜೋಲುಬೀಳಬಾರದು. ಪಕ್ಕೆಗಳು ದುಂಡಾಗಿ ತುಂಬಿರಬೇಕು. ಕಾಲು ನೇರ, ಗೊರಸು ಕಪ್ಪಾಗಿ ಗಟ್ಟಿಯಾಗಿ, ಎರಡು ಹೋಳುಗಳ ನಡುವೆ ಅಂತರ ಕಡಿಮೆ. ನಡೆ ಚುರುಕು. ಇದು ಹಾಲಿನ ತಳಿಯಲ್ಲ, ದುಡಿತದ ತಳಿ. ಆದುದರಿಂದ ‘ಖಿಲಾರಿ ಆಕಳು ಹಾಲು ಕಡಿಮೆ ಕೊಡುವದು’ ಎಂದು ದೂರುವದು, ಗಾಡಿ ಎಳೆಯಲಿಲ್ಲವೆಂದು ಎಮ್ಮೆಯನ್ನು ದೂರಿದಂತೆಯೇ ಸರಿ. ಪ್ರತಿಯೊಂದು ತಳಿಯನ್ನೂ ಅದರ ಕೆಲಸದ ಅಳತೆಯಿಂದ ಅಳೆಯಬೇಕು.

೪. ಪರೀಕ್ಷಿಸುವ ಕ್ರಮ

ಪರೀಕ್ಷೆಗೆ ಪ್ರಾಣಿಯನ್ನು ಸಮನಾದ ನೆಲದ ಮೇಲೆ ನಿಲ್ಲಿಸಿ, ಮೊದಲು ಹತ್ತು ಹೆಜ್ಜೆ ದೂರದಿಂದ ನೋಡಿರಿ. ಹತ್ತಿರ ಹೋದರೆ ಕೋಡು, ಕಣ್ಣು ಮನಸ್ಸನ್ನು ಸೆಳೆದುಬಿಡುತ್ತವೆ. ದೂರದಿಂದ ಇಡೀ ಮೈಕಟ್ಟು ಕಾಣುವದು. ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ನೋಡಿರಿ. ಆಮೇಲೆ ನಡೆಸಿ ನೋಡಿರಿ. ನಿಂತಾಗ ಮರೆಯಾಗಿರುವ ಕುಂಟು ನಡೆದಾಗ ಬಯಲಾಗುವದು.

ಹಲ್ಲಿನಿಂದ ವಯಸ್ಸನ್ನು ತಿಳಿಯುವ ಕ್ರಮವನ್ನು ಹಿರಿಯರು ಬಲ್ಲರು. ದನಕ್ಕೆ ಮೇಲಿನ ದವಡೆಯಲ್ಲಿ ಮುಂದಿನ ಹಲ್ಲುಗಳೇ ಇಲ್ಲ, ಕೆಳಗೆ ಎಂಟು. ಹಾಲುಹಲ್ಲು ಬಿದ್ದು ನಡುವಿನ ಮೊದಲ ಜೋಡಿ ಬಂದಾಗ ಅದನ್ನು ‘ಎರಡು ಹಲ್ಲಿನದು’ ಎನ್ನುತ್ತೇವೆ. ಆಗ ಅದಕ್ಕೆ ಎರಡು–ಎರಡೂವರೆ ವರ್ಷ. ಮುಂದೆ ನಾಲ್ಕು, ಆರು ಎಂದು ಜೋಡಿ ಜೋಡಿಯಾಗಿ ಬಂದು ಸುಮಾರು ಐದು ವರ್ಷಕ್ಕೆ ಎಂಟೂ ಹಲ್ಲು ಕೂಡುತ್ತವೆ. ಇದನ್ನೇ ‘ಬಾಯಿಗೂಡಿತು’ ಎನ್ನುವರು. ಕುದುರೆಗಾದರೋ ಮುಂದಿನ ಹಲ್ಲು ಮೇಲೆ ಆರು, ಕೆಳಗೆ ಆರು. ಅವು ಸುಮಾರು ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಗಳಿಗೆ ಜೋಡಿ ಜೋಡಿಯಾಗಿ ಬದಲಾಗಿ, ಐದಕ್ಕೆ ಬಾಯಿ ಪೂರ್ತಿಯಾಗುತ್ತದೆ.

ತೂಕ ತಿಳಿಯಲು ತಕ್ಕಡಿ ಬೇಕಾಗಿಲ್ಲ, ಒಂದು ಟೇಪು ಮತ್ತು ನಿಮ್ಮ ಗಣಿತ ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ಇಂಚುಗಳಲ್ಲಿ ಅಳೆಯಿರಿ. ಹೆಗಲಿನ ಮುಂದಿನ ಮೂಳೆಯ ತುದಿಯಿಂದ ಹಿಂಭಾಗದ ಪೃಷ್ಠದ ಮೂಳೆಯ ತುದಿಯವರೆಗೆ ಉದ್ದವನ್ನು ಅಳೆಯಿರಿ. ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 300ರಿಂದ ಭಾಗಿಸಿದರೆ ತೂಕವು ಪೌಂಡುಗಳಲ್ಲಿ ಬರುವದು. ಒಂದು ಎತ್ತಿನ ಸುತ್ತಳತೆ 72 ಇಂಚು, ಉದ್ದ 58 ಇಂಚು ಎಂದು ಇಟ್ಟುಕೊಳ್ಳೋಣ. 72ರ ವರ್ಗ 5184. ಅದನ್ನು 58ರಿಂದ ಗುಣಿಸಿದರೆ 3,00,672. 300ರಿಂದ ಭಾಗಿಸಿದರೆ ಸುಮಾರು 1002 ಪೌಂಡು, ಅಂದರೆ ಹತ್ತಿರ ಹತ್ತಿರ 455 ಕಿಲೋಗ್ರಾಂ. ಇದು ಅಂದಾಜು, ಆದರೆ ಕಣ್ಣಳತೆಗಿಂತ ಎಷ್ಟೋ ಮೇಲು.

ಕೊನೆಗೆ ಗುಣಾಂಕ. ನೀವು ಒಂದು ಜೋಡಿ ಹೋರಿಗಳನ್ನು ಹೋಲಿಸುವಾಗ ಬಳಸಲೆಂದು ಈ ಕೆಳಗಿನ ಹಂಚಿಕೆಯನ್ನು ನಾವು ಮಾಡಿದ್ದೇವೆ. ಇದು ಸರಕಾರಿ ಪಟ್ಟಿಯಲ್ಲ, ಶಾಲೆಯ ಅಭ್ಯಾಸಕ್ಕಾಗಿ ಮಾಡಿದ್ದು.

ತಳಿಯ ಮುಖಲಕ್ಷಣ (ತಲೆ, ಕೋಡು, ಕಿವಿ, ಬಣ್ಣ): 20
ಮೈಕಟ್ಟು (ಎದೆ, ಪಕ್ಕೆ, ಬೆನ್ನು): 20
ಕಾಲು ಮತ್ತು ಗೊರಸು: 25
ನಡೆ: 20
ಸ್ವಭಾವ: 15
ಒಟ್ಟು: 100

ಕಾಲಿಗೆ ಎಲ್ಲಕ್ಕಿಂತ ಹೆಚ್ಚು ಅಂಕ ಏಕೆಂದು ಕೇಳಬಹುದು. ದುಡಿಯುವ ಪ್ರಾಣಿಯ ಭಾರವೆಲ್ಲ ಕಾಲಿನ ಮೇಲೆ. ಕೋಡು ಎಷ್ಟು ಚೆಂದವಿದ್ದರೂ ಗೊರಸು ಸವೆದ ಎತ್ತು ಹೊಲದ ನಡುವೆ ನಿಂತುಬಿಡುವದು. ಸ್ವಭಾವವನ್ನೂ ಮರೆಯಬಾರದು. ಹಾಯುವ ಹೋರಿಯ ಮಗನಿಗೂ ಆ ಗುಣ ಬರುವ ಸಂಭವವುಂಟು. ಒಂದೇ ಪ್ರಾಣಿಗೆ ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆಯಾಗಿ ಅಂಕ ಹಾಕಿ ಆಮೇಲೆ ಹೋಲಿಸಿ ನೋಡಿರಿ. ಅಂಕಗಳು ಬಹಳ ದೂರವಿದ್ದರೆ, ಯಾರು ಯಾವ ಅಂಗಕ್ಕೆ ಮರುಳಾದರೆಂಬದು ಗೊತ್ತಾಗುವದು.

೫. ನಮ್ಮ ತಳಿಗೆ ಒದಗಿದ ಕುತ್ತು

ಇಲ್ಲಿಯವರೆಗೆ ಹೇಳಿದುದು ವಿದ್ಯೆ. ಇನ್ನು ಮುಂದೆ ಹೇಳುವದು ಚಿಂತೆ.

ಡರ್ಬಿಯ ನಿಯಮವನ್ನು ನೆನಪಿಗೆ ತಂದುಕೊಳ್ಳಿರಿ. ಅಲ್ಲಿ ಗೆದ್ದ ಗಂಡು ಮುಂದಿನ ಪೀಳಿಗೆಯ ತಂದೆಯಾಗಬಲ್ಲದು. ನಮ್ಮಲ್ಲಿ ಆಗುವದೇನು? ಹಿಂಡಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಹೋರಿಗರು ಯಾವುದೋ, ಅದಕ್ಕೆ ಒಳ್ಳೆಯ ಬೆಲೆ ಬರುವದು. ಅದರ ಬೀಜ ಒಡೆಸಿ ನೊಗಕ್ಕೆ ಹೂಡುವರು. ಅದು ಹತ್ತು ವರ್ಷ ದುಡಿದು ತೀರಿಹೋಗುವದು. ಅದರ ರಕ್ತವು ಅಲ್ಲಿಗೇ ಮುಗಿಯುವದು. ಆಕಳುಗಳಿಗೆ ತಂದೆಯಾಗಿ ಉಳಿಯುವದು ಯಾರೂ ಕೊಳ್ಳದ, ಊರಲ್ಲಿ ತಿರುಗುವ ಹೋರಿ. ಹೀಗೆ ಪ್ರತಿ ತಲೆಮಾರಿನಲ್ಲಿಯೂ ಒಳ್ಳೆಯದನ್ನು ದುಡಿಸಿ ಮುಗಿಸುತ್ತ, ಉಳಿದುದನ್ನು ಬೀಜಕ್ಕೆ ಬಿಡುತ್ತ ಬಂದರೆ ತಳಿ ಇಳಿಯದೆ ಏನಾಗುವದು?

ಇದೇ ರೈತನು ಜೋಳದ ವಿಷಯದಲ್ಲಿ ಹೀಗೆ ಮಾಡುವದಿಲ್ಲ. ಸುಗ್ಗಿಯ ಕಾಲಕ್ಕೆ ಹೊಲದಲ್ಲಿ ತಿರುಗಿ ದುಂಡಗೆ ತುಂಬಿದ ತೆನೆಗಳನ್ನು ಆರಿಸಿ, ಬೇರೆ ತೆಗೆದಿಟ್ಟು, ಬೂದಿ ಬೆರೆಸಿ ಬೀಜಕ್ಕೆ ಕಾಯ್ದಿಡುವನು. ಒಳ್ಳೆಯ ತೆನೆಯನ್ನೆಲ್ಲ ಮಾರಿ ಜೊಳ್ಳು ತೆನೆಯನ್ನು ಬಿತ್ತುವವನನ್ನು ಊರೇ ನಗುವದು. ಹೊಲದಲ್ಲಿರುವ ಈ ವಿವೇಕವು ಕೊಟ್ಟಿಗೆಗೂ ಬರಬೇಕು. ಹಿಂದೆ ದೇವರ ಹೆಸರಿನಲ್ಲಿ ಒಳ್ಳೆಯ ಹೋರಿಯೊಂದನ್ನು ಬಸವನೆಂದು ಬಿಡುವ ಪದ್ಧತಿಯಿತ್ತು. ಅದನ್ನು ಯಾರೂ ನೊಗಕ್ಕೆ ಹೂಡುತ್ತಿರಲಿಲ್ಲ, ಎಲ್ಲರೂ ಮೇವು ಹಾಕುತ್ತಿದ್ದರು. ಭಕ್ತಿಯೊಳಗೆ ಊರಿನ ತಳಿಯ ಹಿತವೂ ಅಡಗಿತ್ತು.

ಇನ್ನೊಂದು ಕುತ್ತು ಹುಚ್ಚು ಬೆಲೆಯದು. ನಮ್ಮ ತಾಲೂಕಿನ ಮಾಡಗ್ಯಾಳ ಕುರಿಯನ್ನು ನೋಡಿರಿ. ಗಿಣಿಯ ಮೂಗಿನಂತೆ ಬಾಗಿದ ಮೂಗುಳ್ಳ ಟಗರಿಗೆ ಎಲ್ಲಿಲ್ಲದ ಬೆಲೆ. ಮೂಗು ತಳಿಯ ಗುರುತಾಗಬಹುದು. ಆದರೆ ಮೂಗನ್ನೊಂದನ್ನೇ ನೋಡಿ ಟಗರನ್ನು ಆರಿಸಿದರೆ ಬೆಳವಣಿಗೆ, ಕಾಲಿನ ಬಲ, ಮರಿ ಸಾಕುವ ಗುಣ ಇವೆಲ್ಲ ಹಿಂದೆ ಬೀಳುತ್ತವೆ. ಖಿಲಾರಿಯ ಓಟದ ವಿಷಯವೂ ಹೀಗೆಯೇ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿನ ಗಾಡಿಯ ಶರ್ಯತ್ತುಗಳನ್ನು ನಿಲ್ಲಿಸಿತು. 2017ರಲ್ಲಿ ಮಹಾರಾಷ್ಟ್ರವು ಕಾನೂನನ್ನು ತಿದ್ದಿತು. 2021ರ ಡಿಸೆಂಬರದಲ್ಲಿ ನ್ಯಾಯಾಲಯದ ಅನುಮತಿ ದೊರೆಯಿತು. 2023ರ ಮೇ 18ರಂದು ಸಂವಿಧಾನಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಶರ್ಯತ್ತು ಮರಳಿ ಬಂದುದರಿಂದ ಖಿಲಾರಿಗೆ ಬೆಲೆ ಬಂದಿತೆಂಬದು ನಿಜ. ಟ್ರ್ಯಾಕ್ಟರಿನ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೆ ಕ್ಷಣಕಾಲದ ವೇಗವೊಂದೇ ಖಿಲಾರಿಯ ಗುಣವಲ್ಲ. ದಿನವಿಡೀ ಬಿಸಿಲಲ್ಲಿ ದುಡಿಯುವ ತಾಳಿಕೆ ಅದರ ಗುಣ. ವೇಗಕ್ಕಾಗಿ ಪ್ರಾಣಿಯನ್ನು ಹಿಂಸಿಸುವವನು ಕಾನೂನಿಗೂ ತಳಿಗೂ ದ್ರೋಹ ಮಾಡುತ್ತಾನೆ.

ತಳಿಯೊಂದು ಹೇಗೆ ಕಣ್ಮುಂದೆಯೇ ಕರಗುವದೆಂಬದಕ್ಕೆ ದೂರ ಹೋಗಬೇಕಾಗಿಲ್ಲ. ಕೃಷ್ಣೆಯ ಎರೆಭೂಮಿಯ ಅಂಟುಮಣ್ಣಿನಲ್ಲಿ ಭಾರವಾದ ನೇಗಿಲನ್ನು ಎಳೆಯಲೆಂದು, 19ನೆಯ ಶತಮಾನದ ಕೊನೆಯ ಭಾಗದಲ್ಲಿ ಸಾಂಗಲಿ ಮೊದಲಾದ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು ಗೀರ, ಓಂಗೋಲು ಮತ್ತು ಸ್ಥಳೀಯ ದನಗಳನ್ನು ಕೂಡಿಸಿ ದೊಡ್ಡ ಮೈಯ ತಳಿಯೊಂದನ್ನು ಬೆಳೆಸಿದರು. ಅದಕ್ಕೆ ಕೃಷ್ಣಾ ತೀರದ ತಳಿಯೆಂದು ಹೆಸರು. ಸಂಸ್ಥಾನಗಳು ಹೋದವು, ಯಂತ್ರಗಳು ಬಂದವು. ತಳಿಯನ್ನು ನೋಡಿಕೊಳ್ಳುವವರು ಇಲ್ಲವಾದರು. ಇಂದು ಆ ತಳಿಯ ಅಚ್ಚ ದನಗಳು ತೀರ ವಿರಳವಾಗಿವೆ. ಕಟ್ಟಲು ಅನೇಕ ತಲೆಮಾರುಗಳು ಬೇಕಾದವು. ಕಳೆಯಲು ಅಲಕ್ಷ್ಯವೊಂದೇ ಸಾಕಾಯಿತು.

೬. ನಾವು ಮಾಡಬಹುದಾದುದು

ಇದೆಲ್ಲವೂ ಸರಕಾರದ ಕೆಲಸವೆಂದು ಕೈಕಟ್ಟಿ ಕೂಡಬಾರದು. ಸರಕಾರದ ಪ್ರಯತ್ನಗಳೂ ಇವೆ; ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿ ಖಿಲಾರಿ ತಳಿಯ ಸಂವರ್ಧನೆಗೆಂದೇ ಕೇಂದ್ರವಿದೆ. ಆದರೆ ತಳಿಯು ಕೊನೆಗೂ ಉಳಿಯುವದು ರೈತನ ಕೊಟ್ಟಿಗೆಯಲ್ಲಿಯೇ.

ಮೊದಲನೆಯದಾಗಿ, ಬರೆದಿಡಿರಿ. ಇಂಗ್ಲೆಂಡಿನ ಕುದುರೆಗೆ 1791ರಲ್ಲಿ ಪುಸ್ತಕ ಬಂದಿತು. ನಮ್ಮ ಮನೆಯ ಆಕಳಿನ ತಂದೆ ಯಾವುದೆಂದು ಇಂದು ಕೇಳಿದರೆ ಮುದುಕರ ನೆನಪೇ ಗತಿ. ಈಗ ದನಗಳ ಕಿವಿಗೆ 12 ಅಂಕೆಗಳ ಹಳದಿ ಬಿಲ್ಲೆ ಹಾಕುತ್ತಾರೆ. ಅದನ್ನು ಬರೀ ಬಿಲ್ಲೆಯೆಂದು ತಿಳಿಯಬೇಡಿರಿ; ಅದು ನಿಮ್ಮ ವಂಶಾವಳಿಯ ಪುಸ್ತಕದ ಮೊದಲ ಸಾಲು. ಒಂದು ವಹಿಯನ್ನು ತೆಗೆದುಕೊಂಡು ಆಕಳಿನ ಸಂಖ್ಯೆ, ಅದರ ತಾಯಿ, ಹೋರಿ ಯಾವುದು, ಕೂಡಿಸಿದ ದಿನ, ಕರು ಹುಟ್ಟಿದ ದಿನ, ಕರುವಿನ ಬಣ್ಣ, ಆರು ತಿಂಗಳಿಗೊಮ್ಮೆ ಅದರ ಎತ್ತರ ಮತ್ತು ಸುತ್ತಳತೆ, ಇಷ್ಟನ್ನು ಬರೆಯಿರಿ. ಶಾಲೆಯಲ್ಲಿ ಓದಲು ಬರೆಯಲು ಕಲಿತ ಮಗನೋ ಮಗಳೋ ಈ ಕೆಲಸವನ್ನು ಮಾಡಬಲ್ಲರು. ಅಕ್ಷರವಿದ್ಯೆಯು ಕೊಟ್ಟಿಗೆಗೆ ಸಲ್ಲಿಸಬಹುದಾದ ಸೇವೆ ಇದಕ್ಕಿಂತ ದೊಡ್ಡದಿಲ್ಲ.

ಎರಡನೆಯದಾಗಿ, ಒಂದು ಒಳ್ಳೆಯ ಹೋರಿಯನ್ನು ನಾಲ್ಕಾರು ಮನೆಗಳವರು ಕೂಡಿ ಬೀಜಕ್ಕೆ ಉಳಿಸಿರಿ. ಅದರ ಮೇವಿನ ವೆಚ್ಚವನ್ನು ಹಂಚಿಕೊಳ್ಳಿರಿ. ಅದು ಸಾಧ್ಯವಾಗದಿದ್ದರೆ ಪಶುವೈದ್ಯರ ಕಡೆಗೆ ಹೋಗಿ ಖಿಲಾರಿ ಹೋರಿಯ ವೀರ್ಯವನ್ನೇ ಹೆಸರಿಸಿ ಕೇಳಿರಿ.

ಮೂರನೆಯದಾಗಿ, ಶುದ್ಧಿಯ ಹೆಸರಿನಲ್ಲಿ ಹತ್ತಿರದ ರಕ್ತವನ್ನು ಕೂಡಿಸಬೇಡಿರಿ. ತಂದೆಯನ್ನು ಮಗಳಿಗೆ, ಅಣ್ಣನನ್ನು ತಂಗಿಗೆ ಕೂಡಿಸುತ್ತ ಹೋದರೆ ಮರೆಯಾಗಿದ್ದ ದೋಷಗಳು ಹೊರಬಿದ್ದು ಕರುಗಳು ಅಶಕ್ತವಾಗುತ್ತವೆ. ಊರಿನ ಹೋರಿಯ ಹೆಣ್ಣುಕರುಗಳು ಬೆದೆಗೆ ಬರುವದಕ್ಕಿಂತ ಮೊದಲೇ, ಅಂದರೆ ಎರಡು–ಮೂರು ವರ್ಷಗಳಿಗೊಮ್ಮೆ, ಆ ಹೋರಿಯನ್ನು ಇನ್ನೊಂದು ಊರಿನ ಹೋರಿಯೊಂದಿಗೆ ಬದಲಾಯಿಸಿಕೊಳ್ಳಬೇಕು. ಹೀಗೆ ಬದಲಾಯಿಸಲು ಯಾವ ಹೋರಿ ಯಾವುದರ ಮಗನೆಂದು ಗೊತ್ತಿರಬೇಕು, ಅದಕ್ಕಾಗಿಯೇ ವಹಿ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಜಾತಿ, ವಂಶ, ಶುದ್ಧಿ ಎಂಬ ಶಬ್ದಗಳನ್ನು ನಾವು ಈ ಪಾಠದಲ್ಲಿ ಪಶುಗಳಿಗೆ ಮಾತ್ರ ಬಳಸಿದ್ದೇವೆ. ಪಶುವಿನ ತಳಿಯನ್ನು ಮನುಷ್ಯನು ತನ್ನ ಕೆಲಸಕ್ಕಾಗಿ ಆರಿಸಿ ಬೆಳೆಸಿದನು. ಮನುಷ್ಯನನ್ನು ಹೀಗೆ ಯಾರೂ ಬೆಳೆಸಿಲ್ಲ, ಬೆಳೆಸಲೂಬಾರದು. ಬಸವಣ್ಣನವರು ಬಾಳಿದ ನಾಡಿನ ನೆರೆಯಲ್ಲಿರುವ ನಾವು ಮನುಷ್ಯನನ್ನು ಹುಟ್ಟಿನಿಂದ ಅಳೆಯುವದು ಅಪಚಾರ. ಅವನ ಅಳತೆ ನಡತೆ ಮತ್ತು ಕಾಯಕ.

ಪಾಲಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮುಂದಿನ ಕಾರಹುಣ್ಣಿಮೆಗೆ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು ಪೂಜಿಸುವಾಗ, ಕೊಟ್ಟಿಗೆಯಲ್ಲಿರುವ ಹೋರಿಗರುಗಳ ಮೇಲೆಯೂ ಒಮ್ಮೆ ಕಣ್ಣಾಡಿಸಿರಿ. ಅವುಗಳಲ್ಲಿ ಎಲ್ಲಕ್ಕಿಂತ ಉತ್ತಮವಾದುದು ಯಾವುದೆಂದು ಮಕ್ಕಳೊಂದಿಗೆ ಕೂಡಿ ಅಳೆದು ನೋಡಿರಿ. ಅದನ್ನು ಮಾರುವ ಮೊದಲು, ಒಡೆಸುವ ಮೊದಲು ಊರಿನ ಹಿರಿಯರೊಂದಿಗೆ ಒಂದು ಮಾತು ಆಡಿರಿ. ಬೀಜದ ತೆನೆಯನ್ನು ಉಳಿಸಿದವನ ಹೊಲವು ಮರುವರ್ಷ ಹಸುರಾಗುವದು.

ಅಭ್ಯಾಸ

1. ವಂಶ, ರೂಪ, ಕೆಲಸ, ಸಂತಾನ ಇವುಗಳಲ್ಲಿ ಯಾವ ಸಾಕ್ಷಿಯು ದನದ ಪೇಟೆಯಲ್ಲಿ ದೊರೆಯುವದಿಲ್ಲ? ಏಕೆ?
2. ಬೀಜ ಒಡೆಸಿದ ಕುದುರೆಗೆ ಡರ್ಬಿಯಲ್ಲಿ ಪ್ರವೇಶವಿಲ್ಲದಿರುವದರ ಕಾರಣವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.
3. ಒಂದು ಹೋರಿಯ ಎದೆಯ ಸುತ್ತಳತೆ 60 ಇಂಚು, ಉದ್ದ 50 ಇಂಚು ಇದ್ದರೆ ಅದರ ತೂಕ ಎಷ್ಟು ಪೌಂಡು?
4. ನಿಮ್ಮ ಮನೆಯ ಅಥವಾ ನೆರೆಮನೆಯ ಒಂದು ದನದ ತಾಯಿ, ತಂದೆ, ಅಜ್ಜಿಗಳ ವಿವರವನ್ನು ಹಿರಿಯರಿಂದ ಕೇಳಿ ವಹಿಯಲ್ಲಿ ಬರೆಯಿರಿ.